‘ಏಕೆ?’ ಎಂಬ ಪ್ರಶ್ನೆಗೆ ಉತ್ತರಿಸಬೇಕಾದವರು ಯಾರು?

(ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳ ಪೋಷಕರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಈ ಸಭೆಯಲ್ಲಿರುವ ಹಿರಿಯರ ಪೈಕಿ ಹೆಚ್ಚಿನವರು ಕಲಿತದ್ದು ಕರ್ನಾಟಕದಲ್ಲಿ. ಅಲ್ಲಿ ವೈದ್ಯಕೀಯ ಕಾಲೇಜಿನ ಬಾಗಿಲು ತೆರೆಯುವುದು ಅಂಕಗಳಿಂದ. ಒಂದು ಕಾಲಕ್ಕೆ ಪಿ.ಯು.ಸಿ. ಅಂಕ, 1994ರಲ್ಲಿ ಆರಂಭವಾದ ಸಿ.ಇ.ಟಿ.ಯ ರ್‍ಯಾಂಕ್, ಇಂದು 720 ಅಂಕಗಳ ನೀಟ್. ಈ ವ್ಯವಸ್ಥೆಯ ಒಳಿತು-ಕೆಡುಕುಗಳ ಚರ್ಚೆ ಬೇರೆಯೇ ವಿಷಯ. ಆದರೆ ಅದರಲ್ಲಿ ಒಂದು ಪ್ರಶ್ನೆಗೆ ಎಡೆಯೇ ಇಲ್ಲ: ‘ನೀನು ವೈದ್ಯನಾಗಬೇಕು ಏಕೆ?’ ರ್‍ಯಾಂಕ್ ಬಂದರೆ ಆ ಪ್ರಶ್ನೆ ಅನಗತ್ಯ, ಬರದಿದ್ದರೆ ಅದು ಅಪ್ರಸ್ತುತ. ಮನೆಯಲ್ಲಿ ಹಿರಿಯರು ನಿರ್ಧರಿಸಿದರು, ಮಕ್ಕಳು ಓದಿದರು.

ಬ್ರಿಟನ್ನಿನಲ್ಲಿ ಸ್ಥಿತಿ ಹಾಗಿಲ್ಲ. ಇಲ್ಲಿ ಅಂಕಗಳೂ ಬೇಕು, ಯುಕ್ಯಾಟ್ ಪರೀಕ್ಷೆಯೂ ಬೇಕು, ಸಂದರ್ಶನವೂ ಉಂಟು. ಇವುಗಳ ಜೊತೆಗೆ ಹದಿನೇಳು ವರ್ಷದ ವಿದ್ಯಾರ್ಥಿ ತನ್ನ ಕುರಿತು ತಾನೇ ಬರೆದುಕೊಡಬೇಕಾದ ಹೇಳಿಕೆಯೊಂದಿದೆ. ನಮ್ಮ ಮನೆಗಳಲ್ಲಿ ಗೊಂದಲ ಆರಂಭವಾಗುವುದು ಇಲ್ಲಿಯೇ. ಏಕೆಂದರೆ, ತಂದೆ ತಾಯಿಯರಿಗೆ ಯಾರೂ ಎಂದೂ ಕೇಳದ ಪ್ರಶ್ನೆಯನ್ನು ಮಕ್ಕಳಿಗೆ ಕೇಳಲಾಗುತ್ತಿದೆ.

ಮೊದಲು ನಿಯಮಗಳನ್ನು ತಿಳಿಯೋಣ. ಅರ್ಜಿಗಳನ್ನು ಸ್ವೀಕರಿಸುವ ಯುಕಾಸ್ ಸಂಸ್ಥೆಯು ಬಹುಕಾಲ ಒಂದೇ ದೀರ್ಘ ಬರಹವನ್ನು ಕೇಳುತ್ತಿತ್ತು. 2026ರ ಪ್ರವೇಶದಿಂದ ಅದು ಮೂರು ಪ್ರಶ್ನೆಗಳಾಗಿ ಬದಲಾಗಿದೆ. ಈ ವಿಷಯವನ್ನು ಏಕೆ ಕಲಿಯಬಯಸುವಿರಿ? ನಿಮ್ಮ ಈವರೆಗಿನ ವಿದ್ಯಾಭ್ಯಾಸ ಅದಕ್ಕೆ ಹೇಗೆ ನಿಮ್ಮನ್ನು ಸಿದ್ಧಗೊಳಿಸಿದೆ? ತರಗತಿಯ ಹೊರಗೆ ಬೇರೇನು ಮಾಡಿದ್ದೀರಿ, ಅದರಿಂದ ಏನು ಪ್ರಯೋಜನ? ಪ್ರತಿಯೊಂದು ಉತ್ತರಕ್ಕೆ ಕನಿಷ್ಠ 350 ಅಕ್ಷರ, ಮೂರೂ ಸೇರಿ ಗರಿಷ್ಠ 4000 ಅಕ್ಷರ. ಪದಗಳ ನಡುವಿನ ಖಾಲಿ ಜಾಗವೂ ಲೆಕ್ಕಕ್ಕೆ ಸೇರುತ್ತದೆ. ವೈದ್ಯಕೀಯ ಅರ್ಜಿಗೆ ಅಕ್ಟೋಬರ್ 15 ಕೊನೆಯ ದಿನ. ಐದು ಆಯ್ಕೆಗಳಲ್ಲಿ ನಾಲ್ಕನ್ನು ಮಾತ್ರ ವೈದ್ಯಕೀಯಕ್ಕೆ ಬಳಸಬಹುದು. ನಾಲ್ಕಕ್ಕೂ ಹೋಗುವುದು ಒಂದೇ ಹೇಳಿಕೆ. ಆದ್ದರಿಂದ ಒಂದು ವಿಶ್ವವಿದ್ಯಾಲಯದ ಹೆಸರೆತ್ತಿ ಹೊಗಳಿದರೆ ಉಳಿದ ಮೂರರ ಬಾಗಿಲನ್ನು ನೀವೇ ಮುಚ್ಚಿಕೊಂಡಂತೆ. ಈ ಹೇಳಿಕೆಗೆ ಕೊಡುವ ಮಹತ್ವ ಎಲ್ಲ ಕಡೆ ಸಮಾನವಲ್ಲ. ಕೆಲವು ಕಾಲೇಜುಗಳು ಅದನ್ನು ಅಳೆದು ನೋಡುತ್ತವೆ, ಕೆಲವು ಸಂದರ್ಶನದಲ್ಲಿ ಮಾತ್ರ ಎತ್ತಿಕೊಳ್ಳುತ್ತವೆ. ಪ್ರತಿಯೊಂದು ಕಾಲೇಜಿನ ನಿಯಮವನ್ನು ಓದಿಕೊಂಡೇ ಅರ್ಜಿ ಹಾಕಬೇಕು.

ಎರವಲು ತಂದ ಬಾಲ್ಯ

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. 2007ರಲ್ಲಿ ಯುಕಾಸ್ ಇಂತಹ ಹೇಳಿಕೆಗಳನ್ನು ಪರಸ್ಪರ ಹೋಲಿಸಿ ನೋಡಿತು. ಎಂಟನೆಯ ವಯಸ್ಸಿನಲ್ಲಿ ತಮ್ಮ ಪೈಜಾಮ ಸುಟ್ಟು ತೂತಾದ ಕತೆಯನ್ನು 234 ಅರ್ಜಿದಾರರು ಬರೆದಿದ್ದರು! 234 ಮಕ್ಕಳ ಪೈಜಾಮಗಳು ಒಂದೇ ವಯಸ್ಸಿನಲ್ಲಿ, ಒಂದೇ ರೀತಿ ಸುಡಲು ಸಾಧ್ಯವೇ? ಅಂತರ್ಜಾಲದಲ್ಲಿ ದೊರೆತ ಮಾದರಿಯೊಂದನ್ನು ಎಲ್ಲರೂ ನಕಲು ಮಾಡಿದ್ದರು. ಈ ಸುದ್ದಿ ಓದಿ ನಗು ಬರಬಹುದು. ಆದರೆ ಯೋಚಿಸಿ, ಇವರು ಮುಂದೆ ರೋಗಿಯ ಕಡತದಲ್ಲಿ ಬರೆಯಬೇಕಾದವರು. ನೋಡದ ರೋಗಿಯನ್ನು ನೋಡಿದೆನೆಂದೂ ಮಾಡದ ಪರೀಕ್ಷೆಯನ್ನು ಮಾಡಿದೆನೆಂದೂ ವೈದ್ಯನು ಬರೆದರೆ ಅದರ ಪರಿಣಾಮವನ್ನು ಅನುಭವಿಸುವವರು ಯಾರು?

ವೈದ್ಯ ವೃತ್ತಿಯು ವಿಶ್ವಾಸದ ಮೇಲೆ ನಿಂತಿದೆ. ಪ್ರಾಮಾಣಿಕತೆ ಇಲ್ಲಿನ ವೈದ್ಯಕೀಯ ಮಂಡಳಿಯು ವೈದ್ಯರಿಂದ ನಿರೀಕ್ಷಿಸುವ ಮೂಲಭೂತ ಗುಣಗಳಲ್ಲೊಂದು. ಅರ್ಜಿಯ ಈ ಹೇಳಿಕೆಯು ಆ ಪ್ರಾಮಾಣಿಕತೆಯ ಪ್ರಥಮ ಸಾಕ್ಷ್ಯ. ಹಿಂದೆ ಮಾದರಿಗಳ ನಕಲು ನಡೆಯುತ್ತಿತ್ತು, ಇಂದು ಕೃತಕ ಬುದ್ಧಿಮತ್ತೆಯ ಯಂತ್ರ ಕ್ಷಣಾರ್ಧದಲ್ಲಿ ಸೊಗಸಾದ ಹೇಳಿಕೆಯನ್ನು ಹೆಣೆದುಕೊಡುತ್ತದೆ. ಯಂತ್ರ ಬರೆದುದನ್ನು ತನ್ನದೇ ಮಾತೆಂದು ಸಲ್ಲಿಸುವುದು ವಂಚನೆಯೆಂದು ಪರಿಗಣಿತವಾಗಬಹುದೆಂದು ಯುಕಾಸ್ ಎಚ್ಚರಿಸಿದೆ. ಹಣ ಪಡೆದು ಬರೆದುಕೊಡುವವರಿಗೂ, ಪ್ರೀತಿಯಿಂದ ಬರೆದುಕೊಡುವ ಚಿಕ್ಕಪ್ಪ, ಸೋದರಮಾವಂದಿರಿಗೂ ಈ ಮಾತು ಅನ್ವಯಿಸುತ್ತದೆ.

ನ್ಯಾಯದ ಪ್ರಶ್ನೆ

‘ನಾವು ಪ್ರಾಮಾಣಿಕರಾಗಿರಬಹುದು, ಆಯ್ಕೆ ಮಾಡುವವರು ಪ್ರಾಮಾಣಿಕರೇ?’ ಎಂದು ಕೆಲವರು ಕೇಳುತ್ತಾರೆ. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. 1980ರ ದಶಕದಲ್ಲಿ ಲಂಡನ್ನಿನ ಸೇಂಟ್ ಜಾರ್ಜಸ್ ವೈದ್ಯಕೀಯ ಶಾಲೆಯು ಅರ್ಜಿಗಳ ಮೊದಲ ಸುತ್ತಿನ ಆಯ್ಕೆಯನ್ನು ಕಂಪ್ಯೂಟರಿಗೆ ಒಪ್ಪಿಸಿತ್ತು. ಹಿಂದಿನ ಆಯ್ಕೆಗಾರರ ತೀರ್ಮಾನಗಳನ್ನು ಅನುಸರಿಸುವಂತೆ ಅದನ್ನು ರೂಪಿಸಲಾಗಿತ್ತು. ಫಲವಾಗಿ ಹೆಸರು ಯುರೋಪಿಯನ್ ಅಲ್ಲದಿದ್ದರೆ, ಅರ್ಜಿದಾರರು ಮಹಿಳೆಯಾಗಿದ್ದರೆ ಆ ಯಂತ್ರ ಅವರನ್ನು ಕೆಳಕ್ಕಿಳಿಸುತ್ತಿತ್ತು. ಜನಾಂಗೀಯ ಸಮಾನತೆಯ ಆಯೋಗವು 1988ರಲ್ಲಿ ಇದನ್ನು ತಾರತಮ್ಯವೆಂದು ಘೋಷಿಸಿತು. ವರ್ಷಕ್ಕೆ 60ರಷ್ಟು ಮಂದಿ ಇದರಿಂದಾಗಿ ಸಂದರ್ಶನದ ಅವಕಾಶವನ್ನು ಕಳಕೊಂಡಿರಬಹುದೆಂದು ಅಂದಾಜಿಸಲಾಯಿತು. ಯಂತ್ರಕ್ಕೆ ದ್ವೇಷವಿರಲಿಲ್ಲ. ಅದು ಮನುಷ್ಯರಿಂದ ಪೂರ್ವಗ್ರಹವನ್ನು ಕಲಿತಿತ್ತು.

ವರ್ಗದ ಗೋಡೆಯೂ ಇದೆ. ಬ್ರಿಟನ್ನಿನ ಸುಮಾರು ಅರ್ಧದಷ್ಟು ಮಾಧ್ಯಮಿಕ ಶಾಲೆಗಳಿಂದ ವೈದ್ಯಕೀಯಕ್ಕೆ ಒಬ್ಬ ವಿದ್ಯಾರ್ಥಿಯೂ ಅರ್ಜಿ ಹಾಕಿರಲಿಲ್ಲವೆಂದು ವೈದ್ಯಕೀಯ ಶಾಲೆಗಳ ಒಕ್ಕೂಟ 2014ರ ತನ್ನ ವರದಿಯಲ್ಲಿ ಒಪ್ಪಿಕೊಂಡಿತು. ಶಾಲಾ ಅಂಕಗಳು ಸಮಾನವಾಗಿದ್ದಾಗಲೂ ಖಾಸಗಿ ಶಾಲೆಯ ಮಕ್ಕಳ ಹೇಳಿಕೆಗಳು ಹೆಚ್ಚು ನಯವಾಗಿರುತ್ತವೆ, ಅವರಿಗೆ ದೊರೆಯುವ ಕೆಲಸದ ಅನುಭವಗಳೂ ಪ್ರತಿಷ್ಠಿತವಾಗಿರುತ್ತವೆ ಎಂಬುದನ್ನು ಸಟನ್ ಟ್ರಸ್ಟ್ 2012ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ನೆರವಿಲ್ಲದ ಮಕ್ಕಳಿಗೂ ದಾರಿ ತಿಳಿಯಲೆಂಬುದೇ ಈಗಿನ ಮೂರು ಪ್ರಶ್ನೆಗಳ ಘೋಷಿತ ಉದ್ದೇಶ.

ಇಲ್ಲಿ ನಾವು ನಮ್ಮನ್ನೇ ಕೇಳಿಕೊಳ್ಳಬೇಕಾದ ಮಾತೊಂದಿದೆ. ನಮ್ಮಲ್ಲಿ ವೈದ್ಯರಾದವರ ಮಕ್ಕಳಿಗೆ ಒಂದು ಫೋನ್ ಕರೆಯಿಂದ ಆಸ್ಪತ್ರೆಯ ಅನುಭವ ಸಿಗುತ್ತದೆ. ಅದೇ ಬೀದಿಯ ಟ್ಯಾಕ್ಸಿ ಚಾಲಕನ ಮಗಳಿಗೆ ಅದು ಸಿಗುವುದಿಲ್ಲ. ಹೆಸರಿನ ಕಾರಣಕ್ಕೆ ನಡೆದ ತಾರತಮ್ಯವನ್ನು ಖಂಡಿಸುವ ನಾವು ಪರಿಚಯದ ಬಲದಿಂದ ದೊರೆಯುವ ಲಾಭದ ಬಗ್ಗೆ ಮೌನವಾಗಿರುವುದು ಸರಿಯೇ? ನ್ಯಾಯವನ್ನು ಕೇಳುವವರು ನ್ಯಾಯವನ್ನು ಪಾಲಿಸಲೂ ಬೇಕು.

ಏನನ್ನು ಬರೆಯಬೇಕು?

ವಿದ್ಯಾರ್ಥಿಗಳೇ, ದೊಡ್ಡ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಯನ್ನು ನೋಡಿಲ್ಲವೆಂದು ಅಳುಕಬೇಡಿ. ವೃದ್ಧಾಶ್ರಮದಲ್ಲಿ ಊಟ ಬಡಿಸಿದ್ದು, ಅಂಗಡಿಯ ಗಲ್ಲಾದಲ್ಲಿ ಕುಳಿತು ಸಿಟ್ಟಿನ ಗ್ರಾಹಕನನ್ನು ಸಮಾಧಾನಿಸಿದ್ದು, ಕಾಯಿಲೆಯ ತಮ್ಮನನ್ನು ನೋಡಿಕೊಂಡದ್ದು ಇವೆಲ್ಲವೂ ಅನುಭವಗಳೇ. ಎಷ್ಟು ದಿನ ಮಾಡಿದಿರಿ ಎಂಬುದಕ್ಕಿಂತ ಅದರಿಂದ ಏನನ್ನು ಅರಿತಿರಿ ಎಂಬುದು ಮುಖ್ಯ.

ಒಂದು ಉದಾಹರಣೆ ಕೊಡುತ್ತೇನೆ. ನಿಮ್ಮಲ್ಲಿ ಹಲವರು ಅಜ್ಜಿಯ ಜೊತೆ ವೈದ್ಯರಲ್ಲಿಗೆ ಹೋಗಿ ದುಭಾಷಿಯಾಗಿ ಕುಳಿತಿರಬಹುದು. ಅಜ್ಜಿ ‘ಸುಸ್ತು’ ಎನ್ನುತ್ತಾರೆ. ನೀವು ಅದನ್ನು ಇಂಗ್ಲಿಷಿನಲ್ಲಿ ಏನೆಂದು ಹೇಳುವಿರಿ? ಬರೇ ದಣಿವೇ, ಕೈಕಾಲುಗಳ ಬಲಹೀನತೆಯೇ, ಮೆಟ್ಟಿಲೇರುವಾಗಿನ ಏದುಸಿರೇ? ಮೂರಕ್ಕೂ ಬೇರೆ ಬೇರೆ ಕಾರಣಗಳಿರಬಹುದು. ಆ ಒಂದು ಪದದ ಅರ್ಥವನ್ನು ತಿಳಿಯಲು ವೈದ್ಯರು ಎಷ್ಟು ಪ್ರಶ್ನೆ ಕೇಳಿದರು, ನಿಮ್ಮೆದುರು ಹೇಳಲು ಅಜ್ಜಿ ಯಾವುದಕ್ಕೆ ಸಂಕೋಚಪಟ್ಟರು ಎಂಬುದನ್ನು ನೀವು ಗಮನಿಸಿದ್ದರೆ, ರೋಗಿಯ ಮಾತನ್ನು ಆಲಿಸುವುದರ ಕುರಿತು ಬರೆಯಲು ನಿಮ್ಮಲ್ಲಿ ಸ್ವಂತದ್ದೊಂದು ವಿಷಯವಿದೆ. ಅದನ್ನು ಸರಳವಾಗಿ ಬರೆಯಿರಿ. ‘ಬಾಲ್ಯದಿಂದಲೂ ಮಾನವ ದೇಹ ನನಗೆ ವಿಸ್ಮಯ’ ಎಂಬ ವಾಕ್ಯ ಸಾವಿರಾರು ಅರ್ಜಿಗಳಲ್ಲಿದೆ. ಓದದ ಪುಸ್ತಕದ ಹೆಸರನ್ನು ಬರೆಯಬೇಡಿ. ಸಂದರ್ಶನದ ಎರಡನೆಯ ಪ್ರಶ್ನೆಗೇ ಅದು ಬಯಲಾಗುತ್ತದೆ.

ಪೋಷಕರಲ್ಲಿ ನನ್ನ ವಿನಂತಿ ಇಷ್ಟೇ. ಮಕ್ಕಳ ಬರಹವನ್ನು ಓದಿ, ಅಸ್ಪಷ್ಟವಾದುದನ್ನು ತೋರಿಸಿಕೊಡಿ, ಆದರೆ ಲೇಖನಿಯನ್ನು ಅವರ ಕೈಯಿಂದ ಕಸಿಯಬೇಡಿ. ‘ಏಕೆ ವೈದ್ಯಳಾಗಬೇಕು?’ ಎಂಬ ಪ್ರಶ್ನೆಗೆ ಎಷ್ಟು ಯೋಚಿಸಿದರೂ ಮಗಳಲ್ಲಿ ಉತ್ತರವಿಲ್ಲದಿದ್ದರೆ ಆ ಮೌನವನ್ನೂ ಗೌರವಿಸಿ. ಬಹುಶಃ ಅವಳ ದಾರಿ ಬೇರೆ ಇರಬಹುದು. ಇತರರ ಆಸೆಯನ್ನು ಹೊತ್ತು ನಲ್ವತ್ತು ವರ್ಷ ರೋಗಿಗಳ ನಡುವೆ ಬದುಕುವುದು ಅವಳಿಗೂ ಕಷ್ಟ, ರೋಗಿಗಳಿಗೂ ಅನ್ಯಾಯ.

ವೈದ್ಯರಾದವರು ತಮ್ಮ ಮಕ್ಕಳಿಗೆ ಒದಗಿಸುವ ಅವಕಾಶವನ್ನು ನೆರೆಯ ಒಂದು ಮಗುವಿಗೂ ಒದಗಿಸಲಿ, ಅದರ ಬರಹವನ್ನೂ ಓದಿ ಸಲಹೆ ಕೊಡಲಿ. ಸಮುದಾಯಕ್ಕೆ ವೈದ್ಯರ ಸಂಖ್ಯೆ ಹೆಚ್ಚಿದರಷ್ಟೇ ಸಾಲದು. ತಾನೇಕೆ ಈ ಕೆಲಸಕ್ಕೆ ಬಂದೆ ಎಂಬುದನ್ನು ಪ್ರಾಮಾಣಿಕವಾಗಿ ಹೇಳಬಲ್ಲ ವೈದ್ಯರು ನಮಗೆ ಬೇಕಾಗಿದ್ದಾರೆ.