ಬೆಂಡಿನ ಮೀನು



ಫಿನ್‌ಲೆಂಡಿನ ಪೈಯನ್ನೆ ಸರೋವರದಲ್ಲಿ ಲೌರಿ ರಪಾಲಾ ಎಂಬ ಬಡ ಮೀನುಗಾರರಿದ್ದರು. ದೋಣಿಯಲ್ಲಿ ಕೂತು ನೀರನ್ನೇ ನೋಡುತ್ತಿದ್ದವರಿಗೆ ಒಂದು ಸಂಗತಿ ಕಣ್ಣಿಗೆ ಬಿತ್ತು. ದೊಡ್ಡ ಮೀನು ಮರಿಗಳ ಹಿಂಡಿಗೆ ನುಗ್ಗಿದಾಗ ಹಿಡಿಯುವುದು ಚುರುಕಾದ ಮರಿಯನ್ನಲ್ಲ. ಗಾಯಗೊಂಡು, ತುಸು ವಾಲಿ, ತಡವರಿಸುತ್ತಾ ಈಜುವುದನ್ನು. ಆ ತಡವರಿಕೆಯನ್ನೇ ಕೈಯಾರೆ ಮಾಡಿದರೆ?

1936ರಲ್ಲಿ ಅವರು ಚಪ್ಪಲಿ ಹೊಲಿಯುವವರ ಚಾಕು ಹಿಡಿದು ಬೆಂಡನ್ನು ಕೆತ್ತಿದರು, ಉಪ್ಪುಕಾಗದದಿಂದ ಉಜ್ಜಿದರು. ಹೊಳಪಿಗೆ ಚಾಕೊಲೇಟಿನ ಬೆಳ್ಳಿಕಾಗದ ಸುತ್ತಿದರು. ವಾರ್ನಿಷಿನ ಬದಲು ಫೋಟೋ ನೆಗೆಟಿವ್‌ಗಳನ್ನು ಕರಗಿಸಿ ಬಳಿದರು. ಒಣಗಿದಾಗ ಅಂಗೈ ಮೇಲೊಂದು ಪುಟ್ಟ ಮೀನು, ಗಾಳಕ್ಕೆ ಕಟ್ಟುವ ಹುಸಿಮೀನು!

ಕೈಚಳಕ ದೊಡ್ಡದೇ. ಆದರೆ ನನ್ನ ಮನಸ್ಸು ನಿಲ್ಲುವುದು ಅದಕ್ಕೂ ಮೊದಲಿನ ಆ ತಾಳ್ಮೆಯ ನೋಟದಲ್ಲಿ. ಮನೆಯ ಮೂಲೆಯಲ್ಲಿ ಕೂತು ಇಂದಿಗೂ ಮರದ ಮೀನು ಕೆತ್ತುವವರಿಗೆ ಇದು ಗೊತ್ತು: ಒಂದು ಮಗ್ಗುಲು ಸ್ವಲ್ಪ ಹೆಚ್ಚು ಸವೆದರೂ ಅದು ನೀರಿನಲ್ಲಿ ಮಗುಚುತ್ತದೆ, ಮೂತಿಗೆ ಸಿಕ್ಕಿಸಿದ ತಗಡು ಸೊಟ್ಟಗಾದರೆ ಒಂದೇ ಕಡೆಗೆ ಎಳೆಯುತ್ತದೆ. ಚೆಂದ ಕಂಡರೆ ಸಾಲದು, ಈಜಬೇಕು.

ರಪಾಲಾ ತಾವು ಮಾಡಿದ ಪ್ರತಿಯೊಂದು ಮೀನನ್ನೂ ನೀರಿಗೆ ಬಿಟ್ಟು, ಎಳೆದು ನೋಡಿ, ಆಮೇಲಷ್ಟೇ ಮಾರುತ್ತಿದ್ದರು.