ಆಂಬುಲೆನ್ಸ್ ಬರುವವರೆಗೆ ಮನೆಯಲ್ಲಿ ಯಾರಿದ್ದಾರೆ?

(ನಮ್ಮ ಸಂಘದ ಈ ವರ್ಷದ ಆರೋಗ್ಯ ದಿನದಂದು ಮಾಡಿದ ಭಾಷಣದ ಬರಹ ರೂಪ)



ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರಲ್ಲ. ಓದಿದ್ದು ಇಂಜಿನಿಯರಿಂಗ್, ಹೊಟ್ಟೆಪಾಡು ಸಾಫ್ಟ್‌ವೇರ್. ನಮ್ಮ ಆಫೀಸಿನಲ್ಲಿ ಪ್ರತಿ ಅಂತಸ್ತಿನ ಇಬ್ಬರಿಗೆ ಪ್ರಥಮ ಚಿಕಿತ್ಸೆಯ ತರಬೇತಿ ಕೊಡಿಸುತ್ತಾರೆ. ಯಾರೂ ಕೈ ಎತ್ತದಿದ್ದಾಗ ನಾನು ಎತ್ತಿದೆ. ಅಂದಿನಿಂದ ಎರಡು ವರ್ಷಕ್ಕೊಮ್ಮೆ ಆ ಸರ್ಟಿಫಿಕೇಟನ್ನು ನವೀಕರಿಸುತ್ತಾ ಬಂದಿದ್ದೇನೆ. ಇವತ್ತು ಹೇಳುವುದನ್ನು ಸಂಘದ ಇಬ್ಬರು ಡಾಕ್ಟರು ಸದಸ್ಯರು ಮೊದಲೇ ಓದಿ ನೋಡಿದ್ದಾರೆ, ಆದ್ದರಿಂದ ಧೈರ್ಯವಾಗಿ ಕೇಳಬಹುದು.

ಈ ವಿಷಯ ಇಂಗ್ಲಿಷಿನಲ್ಲಿ ಬೇಕಾದಷ್ಟು ಸಿಗುತ್ತದೆಯಲ್ಲ, ಕನ್ನಡದಲ್ಲಿ ಯಾಕೆ ಎಂದು ಕೇಳಬಹುದು. ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ನಿಮ್ಮ ಮನೆಯಲ್ಲಿ ಯಾರಿರುತ್ತಾರೆ ನೆನಪಿಸಿಕೊಳ್ಳಿ. ಗಂಡ ಹೆಂಡತಿ ಇಬ್ಬರೂ ಆಫೀಸಿಗೆ, ದೊಡ್ಡ ಮಗು ಶಾಲೆಗೆ. ಮನೆಯಲ್ಲಿರುವವರು ಆರು ತಿಂಗಳ ವೀಸಾದ ಮೇಲೆ ಬಂದ ಅಜ್ಜ, ಅಜ್ಜಿ ಮತ್ತು ತೊಟ್ಟಿಲ ಮಗು. ಆ ಮನೆಯಲ್ಲಿ ಯಾರಿಗಾದರೂ ಏನಾದರೂ ಆದರೆ ಮೊದಲು ನೋಡುವವರು, ಮೊದಲು ಫೋನ್ ಮಾಡಬೇಕಾದವರು ಆ ಹಿರಿಯರೇ. ತರಬೇತಿ ಪಡೆದವರು ನಾವು, ಸಮಯಕ್ಕೆ ಅಲ್ಲಿರುವವರು ಅವರು. ಹಾಗಾಗಿ ಈ ಮಾತು ಮುಖ್ಯವಾಗಿ ಮುಂದಿನ ಸಾಲಿನ ಅಮ್ಮಂದಿರಿಗೆ, ಅಪ್ಪಂದಿರಿಗೆ.

ನಮ್ಮ ಜನರಲ್ಲಿ ಒಂದು ಒಳ್ಳೆಯ ಗುಣವಿದೆ. ಯಾರಾದರೂ ಬಿದ್ದರೆ ಸುಮ್ಮನೆ ನೋಡುತ್ತಾ ನಿಲ್ಲುವುದಿಲ್ಲ. ಒಬ್ಬರು ನೀರು ತರುತ್ತಾರೆ, ಒಬ್ಬರು ತಲೆ ಎತ್ತಿ ಹಿಡಿಯುತ್ತಾರೆ, ಒಬ್ಬರು ಪಾದ ಉಜ್ಜುತ್ತಾರೆ, ಇನ್ನೊಬ್ಬರು ಬೀಗದ ಕೈ ಹುಡುಕಲು ಓಡುತ್ತಾರೆ. ತೊಂದರೆ ಏನೆಂದರೆ ಇಷ್ಟೆಲ್ಲಾ ಗಡಿಬಿಡಿಯಲ್ಲಿ ಬಿದ್ದವರಿಗೆ ಏನಾಗಿದೆ ಎಂದು ಯಾರೂ ನೋಡಿರುವುದಿಲ್ಲ. ನಮ್ಮ ವೃತ್ತಿಯಲ್ಲೂ ಇದೇ ಕಥೆ. ಪ್ರೋಗ್ರಾಮ್ ನಿಂತ ಕೂಡಲೇ ಕೋಡ್ ತಿದ್ದಲು ಕೂರುವ ಹುಡುಗರಿಗೆ ನಾವು ಹೇಳುವುದು, ಮೊದಲು ಲಾಗ್ ಓದಪ್ಪ ಎಂದು.

ನೋಡಬೇಕಾದದ್ದು ಹೆಚ್ಚೇನೂ ಇಲ್ಲ. ಹತ್ತಿರ ಹೋಗುವ ಮುನ್ನ ಅಲ್ಲಿ ನಿಮಗೇ ಅಪಾಯವಿಲ್ಲವೆಂದು ಖಚಿತ ಮಾಡಿಕೊಳ್ಳಿ: ಕರೆಂಟು, ಗ್ಯಾಸ್, ಓಡಾಡುವ ಕಾರು. ಆಮೇಲೆ ಎರಡೇ ಪ್ರಶ್ನೆ. ಕರೆದರೆ ಓಗೊಡುತ್ತಾರೆಯೆ? ಸರಿಯಾಗಿ ಉಸಿರಾಡುತ್ತಿದ್ದಾರೆಯೆ?

ಮೊದಲನೆಯದಕ್ಕೆ ಭುಜ ತಟ್ಟಿ ಜೋರಾಗಿ ಕರೆಯಿರಿ. ಎರಡನೆಯದಕ್ಕೆ ಎದೆ ಹೊಟ್ಟೆ ಏರಿಳಿಯುತ್ತಿದೆಯೆ ಎಂದು ನೋಡಿ, ಹತ್ತು ಸೆಕೆಂಡಿಗಿಂತ ಹೆಚ್ಚು ಬೇಡ. ನಾಡಿ ಹಿಡಿದು ನೋಡುತ್ತಾ ಕೂರಬೇಡಿ. ಗಾಬರಿಯಲ್ಲಿ ನಮ್ಮ ಬೆರಳಿನ ಬಡಿತವೇ ಅವರ ನಾಡಿಯಂತೆ ತೋರುತ್ತದೆ. 2000ನೆಯ ಇಸವಿಯ ಮಾರ್ಗಸೂಚಿಗಳಲ್ಲೇ ಸಾಮಾನ್ಯ ಜನರು ನಾಡಿ ನೋಡುವ ಹಂತವನ್ನು ಕೈಬಿಟ್ಟರು.

ಉಸಿರಿನ ವಿಷಯದಲ್ಲಿ ಒಂದು ಮೋಸವಿದೆ, ಇದನ್ನು ದಯವಿಟ್ಟು ನೆನಪಿಡಿ. ಹೃದಯ ನಿಂತ ಮೊದಲ ಕೆಲವು ನಿಮಿಷ ಕೆಲವರು ಬಾಯಿ ತೆರೆದು, ಬಿಟ್ಟು ಬಿಟ್ಟು, ಗೊರಕೆಯಂತೆ ಅಥವಾ ನೀರಿನಿಂದ ತೆಗೆದ ಮೀನಿನಂತೆ ಗಾಳಿ ಎಳೆಯುತ್ತಾರೆ. ನೋಡಿದವರು 'ಉಸಿರಾಡ್ತಿದ್ದಾರೆ, ನಿದ್ದೆ ಬಂದಿರಬೇಕು' ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ. ಅದು ಉಸಿರಾಟವಲ್ಲ. ಮಿದುಳಿನ ಬುಡದಿಂದ ಬರುವ ಕೊನೆಯ ಪ್ರಯತ್ನ ಅಷ್ಟೆ. ಓಗೊಡದೆ ಹೀಗೆ ಏದುತ್ತಿದ್ದರೆ ಹೃದಯ ನಿಂತಿದೆ ಎಂದೇ ತಿಳಿದು ಮುಂದುವರಿಯಬೇಕು.

ಓಗೊಡುವುದಿಲ್ಲ, ಆದರೆ ಉಸಿರು ಸರಾಗವಾಗಿದೆ ಎಂದಾದರೆ ಮಗ್ಗುಲಿಗೆ ಮಲಗಿಸಿ, 911ಕ್ಕೆ ಫೋನ್ ಮಾಡಿ, ಉಸಿರನ್ನು ಗಮನಿಸುತ್ತಾ ಪಕ್ಕದಲ್ಲೇ ಇರಿ. ಮೇಲಿನಿಂದ ಬಿದ್ದವರು, ಕಾರು ಅಪಘಾತವಾದವರು ಇದ್ದರೆ ಕುತ್ತಿಗೆ ಅಲುಗಿಸದೆ ಫೋನಿನಲ್ಲಿ ಹೇಳಿದಂತೆ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು, ಕಾಫಿ, ಮಾತ್ರೆ ಏನೂ ಹಾಕಬಾರದು. ಅದು ಹೊಟ್ಟೆಗಲ್ಲ, ಶ್ವಾಸಕೋಶಕ್ಕೆ ಹೋಗಬಹುದು. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಹಿಡಿಸುವುದರಿಂದ ಪ್ರಯೋಜನವಿಲ್ಲ. ಹಲ್ಲಿನ ನಡುವೆ ಚಮಚ ತುರುಕುವುದರಿಂದಂತೂ ಹಾನಿಯೇ. ಸುತ್ತಲಿನ ಕುರ್ಚಿ ಮೇಜು ಸರಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ, ಅಥವಾ ಅವರಿಗೆ ಅದು ಮೊದಲ ಸಲವಾದರೆ, 911.

ಇನ್ನು ಓಗೊಡುವುದೂ ಇಲ್ಲ, ಸರಿಯಾದ ಉಸಿರೂ ಇಲ್ಲ. ಆಗ ಫೋನನ್ನು ಸ್ಪೀಕರಿಗೆ ಹಾಕಿ ನೆಲದ ಮೇಲಿಡಿ. ಸೋಫಾ ಅಥವಾ ಹಾಸಿಗೆಯ ಮೇಲಿದ್ದರೆ ಕೆಳಗೆಳೆದು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಎದೆಯ ನಡುಮಧ್ಯೆ ಅಂಗೈಯ ಬುಡವಿಟ್ಟು, ಅದರ ಮೇಲೆ ಇನ್ನೊಂದು ಕೈ ಇಟ್ಟು, ಮೊಣಕೈ ಮಡಿಸದೆ ಮೈಭಾರ ಬಿಟ್ಟು ಒತ್ತಿ. ಚಪಾತಿ ಹಿಟ್ಟು ನಾದುವಾಗ ಅಂಗೈಯ ಬುಡ ಊರುತ್ತೀರಲ್ಲ, ಅದೇ ಜಾಗ. ಐದು ಸೆಂಟಿಮೀಟರ್, ಅಂದರೆ ಎರಡು ಇಂಚು ಒಳಗೆ ಹೋಗಬೇಕು, ಪ್ರತಿ ಸಲ ಎದೆ ಪೂರ್ತಿ ಮೇಲೇಳಲು ಬಿಡಬೇಕು. ನಿಮಿಷಕ್ಕೆ 100ರಿಂದ 120, ಎಂದರೆ ಸೆಕೆಂಡಿಗೆ ಹೆಚ್ಚುಕಡಿಮೆ ಎರಡು. ಜೋರಾಗಿ ಎಣಿಸಿ. ಪಕ್ಕೆಲುಬು ಲಟಕ್ ಎನ್ನಬಹುದು, ನಿಲ್ಲಿಸಬೇಡಿ. ಮುರಿದ ಎಲುಬು ಕೂಡುತ್ತದೆ. ರಕ್ತ ಹೋಗದ ಮಿದುಳಿಗೆ ನಾಲ್ಕೈದು ನಿಮಿಷದಲ್ಲೇ ಶಾಶ್ವತ ಹಾನಿ ಶುರುವಾಗುತ್ತದೆ, ಆಂಬುಲೆನ್ಸಿಗೆ ಏಳೆಂಟು ನಿಮಿಷ ಹಿಡಿಯುವುದು ಮಾಮೂಲು. ಆ ಅಂತರವನ್ನು ತುಂಬುವುದು ನಿಮ್ಮ ಕೈ.

ಬಾಯಿಗೆ ಬಾಯಿ ಇಟ್ಟು ಉಸಿರು ಕೊಡಬೇಕಲ್ಲ ಎಂಬ ಸಂಕೋಚ ಹಲವರಿಗಿದೆ. ಕಣ್ಣೆದುರೇ ಕುಸಿದ ದೊಡ್ಡವರಿಗೆ ಕೈಯಿಂದ ಒತ್ತುವುದಷ್ಟೇ ಸಾಕು ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2008ರಲ್ಲೇ ಹೇಳಿತು. ಆದರೆ ಮಕ್ಕಳಿಗೆ ಮತ್ತು ಈಜುಕೊಳದಲ್ಲಿ ಮುಳುಗಿದವರಿಗೆ ಉಸಿರೂ ಬೇಕು, 30 ಸಲ ಒತ್ತಿ 2 ಉಸಿರು. ಅದನ್ನು ಮಾತಿನಲ್ಲಿ ಕಲಿಯಲಾಗದು, ಬೊಂಬೆಯ ಮೇಲೆ ಮಾಡಿಯೇ ಕಲಿಯಬೇಕು.

ನಮ್ಮ ಕಸುಬಿನವರಿಗಾಗಿ ಒಂದು ಮಾತು. ಎದೆ ಒತ್ತುವ ಈ ವಿದ್ಯೆಯನ್ನು ಕೊಟ್ಟ ತಂಡದ ಹಿರಿಯ ವಿಲಿಯಂ ಕೌವೆನ್‌ಹೋವೆನ್ ಎಲೆಕ್ಟ್ರಿಕಲ್ ಇಂಜಿನಿಯರ್. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಹೃದಯಕ್ಕೆ ಶಾಕ್ ಕೊಡುವ ಯಂತ್ರದ ಪ್ರಯೋಗ ನಡೆಯುತ್ತಿದ್ದಾಗ, ಅವರ ಶಿಷ್ಯ ಗೈ ನಿಕರ್‌ಬಾಕರ್, ಭಾರವಾದ ಪ್ಯಾಡಲನ್ನು ನಾಯಿಯ ಎದೆಯ ಮೇಲೆ ಒತ್ತಿದ ಕೂಡಲೇ, ಶಾಕ್ ಕೊಡುವ ಮೊದಲೇ, ರಕ್ತದೊತ್ತಡ ಏರುವುದನ್ನು ಗಮನಿಸಿದರು. ಸರ್ಜನ್ ಜೇಮ್ಸ್ ಜ್ಯೂಡ್ ಜೊತೆ ಸೇರಿ ಮೂವರೂ ಅದನ್ನು 1960ರಲ್ಲಿ ಪ್ರಕಟಿಸಿದರು. ಇಬ್ಬರು ಇಂಜಿನಿಯರು, ಒಬ್ಬ ಡಾಕ್ಟರು. ಇದನ್ನು ಮನೆಯಲ್ಲಿ ಡಾಕ್ಟರಿರುವವರು ಸ್ವಲ್ಪ ಗಮನಿಸಬೇಕು!

ಅಕ್ಟೋಬರ್ 29, 2021ರಂದು ಪುನೀತ್ ರಾಜ್‌ಕುಮಾರ್ 46ರ ವಯಸ್ಸಿನಲ್ಲಿ ತೀರಿಕೊಂಡ ಸುದ್ದಿ ಬಂದಾಗ ನಾವೆಲ್ಲ ಎಲ್ಲಿದ್ದೆವು ಎಂಬುದು ನಮಗೆ ನೆನಪಿದೆ. ನಮ್ಮ ದಕ್ಷಿಣ ಏಷ್ಯಾದವರಿಗೆ ಹೃದಯದ ಕಾಯಿಲೆ ಬೇರೆಯವರಿಗಿಂತ ಕೆಲವು ವರ್ಷ ಮೊದಲೇ ಬರುತ್ತದೆ. ಆದರೂ ನಮ್ಮ ಮನೆಗಳಲ್ಲಿ ಎದೆನೋವಿಗೆ ಇರುವ ಹೆಸರು 'ಗ್ಯಾಸ್ಟ್ರಿಕ್ಕು'. ಜೀರಿಗೆ ಕಷಾಯ ಕುಡಿದು, ಎಡಮಗ್ಗುಲಿಗೆ ಮಲಗಿ, ಮಗನಿಗೆ ಮೀಟಿಂಗ್ ಇದೆ, ಸಂಜೆ ಬಂದಮೇಲೆ ಹೇಳೋಣ ಎಂದು ಕಾಯುತ್ತಾರೆ. ಎದೆಯಲ್ಲಿ ಭಾರ, ಬಿಗಿತ, ತಣ್ಣನೆ ಬೆವರು, ದವಡೆಗೋ ಭುಜಕ್ಕೋ ಬೆನ್ನಿಗೋ ಹರಡುವ ನೋವು ಕಾಣಿಸಿದರೆ ಕಾಯಬೇಡಿ. ಹೆಂಗಸರಲ್ಲಿ ಮತ್ತು ಸಕ್ಕರೆ ಕಾಯಿಲೆ ಇರುವವರಲ್ಲಿ ನೋವೇ ಇಲ್ಲದೆ ಬರೀ ಏದುಸಿರು, ವಾಕರಿಕೆ, ವಿಪರೀತ ಸುಸ್ತು ಇರಬಹುದು. 911ಕ್ಕೆ ಫೋನ್ ಮಾಡಿ, ಆಸ್ಪಿರಿನ್ ಕೊಡಬಹುದೆ ಎಂದು ಅವರನ್ನೇ ಕೇಳಿ. ನೀವೇ ಕಾರಿನಲ್ಲಿ ಕರೆದುಕೊಂಡು ಹೋದರೆ ದಾರಿಯಲ್ಲಿ ಹೃದಯ ನಿಂತಾಗ ಸ್ಟಿಯರಿಂಗ್ ಹಿಡಿದ ಕೈಯಿಂದ ಎದೆ ಒತ್ತಲಾಗದು.

ಲಕ್ವಕ್ಕೂ ಹಾಗೆಯೇ. ನಗಲು ಹೇಳಿ, ಬಾಯಿ ಒಂದು ಕಡೆ ಸೊಟ್ಟಗಾಗುತ್ತದೆಯೆ? ಎರಡೂ ಕೈ ಮುಂದೆ ಚಾಚಲು ಹೇಳಿ, ಒಂದು ಕೆಳಗಿಳಿಯುತ್ತದೆಯೆ? ಒಂದು ವಾಕ್ಯ ಹೇಳಿಸಿ, ಮಾತು ತೊದಲುತ್ತದೆಯೆ? ಒಂದಿದ್ದರೂ ಫೋನ್ ಮಾಡಿ. ಹೆಪ್ಪು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆದ್ದರಿಂದ ಅವರು ಕೊನೆಯ ಬಾರಿ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಎಂದು ಆಸ್ಪತ್ರೆಯಲ್ಲಿ ಕೇಳುತ್ತಾರೆ. ಅಜ್ಜಿಗೆ ಮಾತ್ರ ಗೊತ್ತಿರುವ ಸಂಗತಿ ಅದು. ಇಲ್ಲಿ ಆಸ್ಪಿರಿನ್ ಕೊಡಬಾರದು, ಕೆಲವು ಲಕ್ವಗಳಲ್ಲಿ ರಕ್ತಸ್ರಾವವಾಗಿರುತ್ತದೆ.

ತೊಟ್ಟಿಲ ಮಗುವಿನ ಗಂಟಲಿಗೆ ಏನಾದರೂ ಸಿಕ್ಕಿದರೆ ಬೆರಳು ಹಾಕಿ ತಡಕಬೇಡಿ, ಇನ್ನೂ ಒಳಗೆ ಹೋಗುತ್ತದೆ. ಕೆಮ್ಮುತ್ತಿದ್ದರೆ, ಅಳುತ್ತಿದ್ದರೆ ಕೆಮ್ಮಲು ಬಿಡಿ. ಸದ್ದೇ ಹೊರಡದಿದ್ದರೆ ತಲೆ ತಗ್ಗಿರುವಂತೆ ಮುಂಗೈ ಮೇಲೆ ಬೋರಲು ಮಲಗಿಸಿಕೊಂಡು ಬೆನ್ನಿಗೆ ಐದು ಗುದ್ದು, ತಿರುಗಿಸಿ ಎದೆಯ ಮಧ್ಯೆ ಐದು ಒತ್ತು, ಹೊರಬರುವವರೆಗೆ ಹೀಗೇ. ಮಗು ಪ್ರಜ್ಞೆ ತಪ್ಪಿದರೆ ಎದೆ ಒತ್ತಲು ಶುರುಮಾಡಿ. ದೊಡ್ಡವರಿಗೆ ಬೆನ್ನಿನ ಮೇಲೆ ಐದು, ಆಮೇಲೆ ಹಿಂದಿನಿಂದ ತಬ್ಬಿ ಹೊಕ್ಕಳ ಮೇಲ್ಭಾಗವನ್ನು ಒಳಕ್ಕೂ ಮೇಲಕ್ಕೂ ಐದು ಸಲ ಎಳೆಯುವುದು. ಸುಟ್ಟ ಗಾಯಕ್ಕೆ ಅರಿಶಿನ, ಟೂತ್‌ಪೇಸ್ಟ್, ಇಂಕು ಬೇಡ. ಹರಿಯುವ ತಣ್ಣೀರು, ಹತ್ತರಿಂದ ಇಪ್ಪತ್ತು ನಿಮಿಷ. ರಕ್ತ ಸುರಿಯುತ್ತಿದ್ದರೆ ಬಟ್ಟೆಯಿಟ್ಟು ಅದುಮಿ ಹಿಡಿಯಿರಿ, ಪದೇ ಪದೇ ತೆಗೆದು ನೋಡಬೇಡಿ.

ಇಷ್ಟೆಲ್ಲಾ ಗೊತ್ತಿದ್ದೂ ನಮ್ಮವರು ಫೋನ್ ಮಾಡಲು ಹಿಂಜರಿಯುತ್ತಾರೆ. ಎರಡು ಕಾರಣ. ಒಂದು ದುಡ್ಡು. 'ಇನ್ಶೂರೆನ್ಸ್ ಕೊಡಲ್ಲ, ಮಗನಿಗೆ ಸಾವಿರಾರು ಡಾಲರ್ ಖರ್ಚು' ಎಂದು ಅಪ್ಪ ಅಮ್ಮ ನೋವು ನುಂಗುತ್ತಾರೆ. ಬಿಲ್ಲು ದೊಡ್ಡದಾಗಿಯೇ ಬರಬಹುದು, ಸುಳ್ಳು ಹೇಳುವುದಿಲ್ಲ. ಆದರೆ 1986ರ ಕಾನೂನಿನ ಪ್ರಕಾರ ಇಲ್ಲಿನ ತುರ್ತು ವಿಭಾಗಗಳು ದುಡ್ಡಿಲ್ಲ ಎಂಬ ಕಾರಣಕ್ಕೆ ತಪಾಸಣೆ ಮಾಡದೆ, ಸ್ಥಿತಿ ಸ್ಥಿರಗೊಳಿಸದೆ ಕಳಿಸುವಂತಿಲ್ಲ. ಬಿಲ್ಲಿನ ಮಾತು ಆಮೇಲೆ ಆಡಬಹುದು. ಮಕ್ಕಳಾದ ನಾವು ಇವತ್ತೇ ರಾತ್ರಿ ಅವರಿಗೆ ಬಾಯಿಬಿಟ್ಟು ಹೇಳಬೇಕು: ಅಪ್ಪಾ, ನನ್ನನ್ನು ಕೇಳುವುದು ಬೇಡ, ಮೊದಲು 911, ಆಮೇಲೆ ನಾನು.

ಎರಡನೆಯದು ಭಾಷೆ. 911ಕ್ಕೆ ಪೂರ್ತಿ ವಾಕ್ಯ ಬೇಕಿಲ್ಲ. ಮೊದಲು ವಿಳಾಸ, ಆಮೇಲೆ 'ಆಂಬುಲೆನ್ಸ್', ಆಮೇಲೆ 'ನಾಟ್ ಬ್ರೀದಿಂಗ್' ಅಥವಾ 'ಚೆಸ್ಟ್ ಪೇನ್'. ಫೋನ್ ಇಡಬೇಡಿ, ಎದೆ ಹೇಗೆ ಒತ್ತಬೇಕೆಂದು ಅವರೇ ಹೇಳಿಕೊಡುತ್ತಾರೆ. ಭಾಷೆ ಅರ್ಥವಾಗದಿದ್ದರೆ 'ಕನ್ನಡ, ಇಂಡಿಯಾ' ಎನ್ನಿ, ದುಭಾಷಿಗಾಗಿ ಪ್ರಯತ್ನಿಸುತ್ತಾರೆ. ಸಿಗ್ನಲ್ ಇರುವ ಯಾವ ಮೊಬೈಲಿನಿಂದಲೂ, ಪ್ಲಾನ್ ಇಲ್ಲದಿದ್ದರೂ, ಲಾಕ್ ಆಗಿದ್ದರೂ, 911 ಹೋಗುತ್ತದೆ.

ಫ್ರಿಜ್ ಬಾಗಿಲಿಗೆ ಒಂದು ಹಾಳೆ ಅಂಟಿಸಿ. ವಿಳಾಸವನ್ನು ಇಂಗ್ಲಿಷಿನಲ್ಲೂ, ಓದಲು ಸುಲಭವಾಗುವಂತೆ ಕನ್ನಡ ಅಕ್ಷರದಲ್ಲೂ ಬರೆಯಿರಿ. ಕೆಳಗೆ ಅಪ್ಪ ಅಮ್ಮನ ಕಾಯಿಲೆ, ಅಲರ್ಜಿ, ಮಾತ್ರೆ. ಊರಿನ ಬ್ರಾಂಡ್ ಹೆಸರು ಬೇಡ. ಇಕೋಸ್ಪ್ರಿನ್ ಎಂದರೆ ಇಲ್ಲಿನ ಪ್ಯಾರಾಮೆಡಿಕ್‌ಗೆ ಗೊತ್ತಾಗದಿರಬಹುದು, ಆಸ್ಪಿರಿನ್ ಎಂದು ಬರೆಯಿರಿ. ಡೋಲೋ ಇಲ್ಲಿ ಅಸೆಟಮಿನೋಫೆನ್. ರಕ್ತ ತೆಳುಮಾಡುವ ಮಾತ್ರೆ ಇದ್ದರೆ ಕೆಂಪು ಪೆನ್ನಿನಲ್ಲಿ. ಊರಿಗೆ ವಾಪಸ್ಸು ಹೊರಟಾಗ ಅದೇ ಹಾಳೆಯಲ್ಲಿ 911 ಹೊಡೆದು 108 ಮತ್ತು 112 ಎಂದು ಬರೆದು ಕಳಿಸಿ.

ಕಡೆಯದಾಗಿ ಕಾರ್ಯಕಾರಿ ಸಮಿತಿಯವರಿಗೆ ಒಂದು ಅರ್ಜಿ. ರಾಜ್ಯೋತ್ಸವಕ್ಕೆ ನಾವು ಬಾಡಿಗೆ ಹಿಡಿಯುವ ಹಾಲಿನಲ್ಲಿ ಏ.ಇ.ಡಿ. ಯಂತ್ರವಿಲ್ಲ, ನಾನು ಹುಡುಕಿ ನೋಡಿದೆ. ಮುಚ್ಚಳ ತೆಗೆದರೆ ಯಂತ್ರವೇ ಏನು ಮಾಡಬೇಕೆಂದು ಹೇಳುತ್ತದೆ, ಶಾಕ್ ಬೇಕೆ ಬೇಡವೆ ಎಂದು ತಾನೇ ತೀರ್ಮಾನಿಸುತ್ತದೆ. ಹೃದಯ ನಿಂತ ಮೇಲೆ ಒತ್ತುವುದೂ ಶಾಕೂ ಇಲ್ಲದೆ ಕಳೆಯುವ ಪ್ರತಿ ನಿಮಿಷಕ್ಕೆ ಬದುಕುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಇಳಿಯುತ್ತದೆ. ಒಂದೂವರೆ ಎರಡು ಸಾವಿರ ಡಾಲರಿಗೆ ಒಂದು ಬರುತ್ತದೆ. ಈ ಸಲದ ನಿಧಿಯಿಂದ ಒಂದು ಕೊಂಡರೆ ಅದನ್ನು ಪ್ರತಿ ಕಾರ್ಯಕ್ರಮಕ್ಕೂ ಹೊತ್ತು ತರುವ ಹೊಣೆ ನನ್ನದು. ಸ್ಪೀಕರು, ಪರದೆ, ರಂಗೋಲಿ ಡಬ್ಬಗಳ ಜೊತೆ ಅದೂ ಒಂದು.

ಪಕ್ಕದ ಕೋಣೆಯಲ್ಲಿ ನಾಲ್ಕು ಬೊಂಬೆಗಳನ್ನು ಇಟ್ಟಿದ್ದೇವೆ. ಮೊಣಕಾಲು ನೋವಿರುವವರಿಗಾಗಿ ಒಂದನ್ನು ಮೇಜಿನ ಮೇಲಿಟ್ಟಿದ್ದೇವೆ. ಹೇಳಿಕೊಡುವವರು ಕನ್ನಡದಲ್ಲೇ ಹೇಳಿಕೊಡುತ್ತಾರೆ. ಒಬ್ಬೊಬ್ಬರಿಗೆ ಎರಡು ನಿಮಿಷ ಸಾಕು. ಅಮ್ಮಂದಿರು ಮೊದಲು ಬನ್ನಿ, ಊಟಕ್ಕೆ ಇನ್ನೂ ಅರ್ಧ ಗಂಟೆ ಇದೆಯಂತೆ.