ಗೂಡು ಕಾಯುವ ತಂದೆ

ಅಮೆರಿಕದ ಫ್ಲಾರಿಡಾದಲ್ಲಿ ಕಿಸ್ಸಿಮ್ಮಿ ಕೆರೆಗಳ ಸರಪಳಿಯಿದೆ. ಕೆರೆಯಿಂದ ಕೆರೆಗೆ ಕಾಲುವೆ ಹಿಡಿದು ಇಳಿಯುವ ನೀರು ಕೊನೆಗೆ ಓಕೀಚೋಬಿ ಸರೋವರ ಸೇರುತ್ತದೆ. ಅಲ್ಲಿನ ಟೊಹೊಪೆಕಾಲಿಗಾ ಕೆರೆಯಲ್ಲಿ 2001ರಲ್ಲಿ ಗಾಳಗಾರ ಡೀನ್ ರೋಜಾಸ್ ಒಂದೇ ದಿನ ಹಿಡಿದ ಐದು ಬಾಸ್ ಮೀನುಗಳ ತೂಕ 20 ಕಿಲೋ ದಾಟಿತ್ತು.

ನನ್ನ ಮನಸ್ಸು ನಿಲ್ಲುವುದು ಆ ತಕ್ಕಡಿಯ ಮುಂದಲ್ಲ, ದಡದ ತೆಳುನೀರಿನಲ್ಲಿ. ಗಂಡು ಬಾಸ್ ಬಾಲದಿಂದಲೇ ಕೆಸರು ಗುಡಿಸಿ ಮೊರದಗಲದ ಗೂಡು ಮಾಡುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಗಂಡು ಮಾತ್ರ ಹಗಲೂ ರಾತ್ರಿ ಅಲ್ಲೇ ನಿಂತು, ಈಜುರೆಕ್ಕೆ ಬೀಸುತ್ತಾ ಮೊಟ್ಟೆಗಳಿಗೆ ಹೊಸ ನೀರು ಹಾಯಿಸುತ್ತದೆ. ಆಗ ಅದು ಗಾಳ ಕಚ್ಚುವುದು ಹೆಚ್ಚಾಗಿ ಹಸಿವಿಗಲ್ಲ, ಗೂಡಿಗೆ ಬಂದದ್ದನ್ನು ಓಡಿಸಲು. ಅದು ಗಾಳಕ್ಕೆ ಸಿಕ್ಕಿ ಮೇಲೆ ಬಂದ ಸ್ವಲ್ಪ ಹೊತ್ತಿಗೇ ಬ್ಲೂಗಿಲ್ ಮೀನುಗಳು ಮೊಟ್ಟೆಗೆ ಮುತ್ತಬಹುದು. ಬಲ್ಲವನು ಕೈ ಒದ್ದೆ ಮಾಡಿಕೊಂಡು, ಕೊಕ್ಕೆ ಬಿಡಿಸಿ, ಅಲ್ಲೇ, ಆಗಲೇ ನೀರಿಗಿಳಿಸುತ್ತಾನೆ.